ಬಿದ್ದ ವಿಮಾನ, ಎದ್ದ ಸುದ್ದಿ

ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಯಾರಾದರೂ ಅಕಾಲದಲ್ಲಿ ತೀರಿಕೊಂಡರೆ ಡಾಕ್ಟರು ಬರುವ ಮೊದಲೇ ಕಾರಣ ಬಂದು ಕಟ್ಟೆಯ ಮೇಲೆ ಕೂತಿರುತ್ತದೆ. ‘ಮೊದಲಿಂದನೂ ಎದಿನೋವು ಇತ್ತಂತ’, ‘ಔಷಧ ನುಂಗೋದು ಬಿಟ್ಟಿದ್ದಳಂತ’. ಆದರೆ ಆ ಮಾತಿನ ತುದಿಯಲ್ಲಿರುವ ‘ಅಂತ’ವನ್ನು ಗಮನಿಸಿ. ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕತೆ ಅದರಲ್ಲಿದೆ. ಸುದ್ದಿ ಅಚ್ಚಾಗಿ ಬರುವಾಗ ಮೊದಲು ಉದುರುವುದು ಈ ‘ಅಂತ’. ವಿಮಾನ ಬಿದ್ದಾಗಲಂತೂ ಅದು ಉಳಿಯುವುದೇ ಇಲ್ಲ.

1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವನ್ನು ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ಸತ್ತರು. ಅದು ಏರ್‌ಬಸ್ ಎ-320, ಕಂಪನಿಗೆ ಬಂದು ಎರಡು ತಿಂಗಳಷ್ಟೇ ಆಗಿದ್ದ ಹೊಸ ವಿಮಾನ. 1988ರಲ್ಲಿ ಇದೇ ಜಾತಿಯ ವಿಮಾನವೊಂದು ಫ್ರಾನ್ಸಿನಲ್ಲಿ ಪ್ರದರ್ಶನ ಹಾರಾಟದಲ್ಲಿ ಬಿದ್ದಿತ್ತು. ‘ಕಂಪ್ಯೂಟರ್ ಕೈಕೊಟ್ಟಿತು’ ಎಂಬ ಮಾತು ಹುಟ್ಟಲು ಇಷ್ಟು ಸಾಕಾಯಿತು. ಕಂಪ್ಯೂಟರ್ ಎಂಬ ಹೆಸರನ್ನಷ್ಟೇ ಕೇಳಿದ್ದ ನಮ್ಮ ಊರಲ್ಲೂ ಅದೇ ಮಾತು. ಸರಕಾರ ಎ-320 ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ ನಿಲ್ಲಿಸಿತು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆಯಲ್ಲಿ ಕಂಡದ್ದು ಬೇರೆಯೇ. ಯಂತ್ರ ಕೆಟ್ಟಿರಲಿಲ್ಲ. ಪೈಲಟ್‌ಗಳ ಮುಂದೆ ಅಕ್ಕಪಕ್ಕದಲ್ಲಿ ಎರಡು ತಿರುಗುಗುಂಡಿಗಳಿರುತ್ತವೆ. ಎಷ್ಟು ಎತ್ತರಕ್ಕೆ ಇಳಿಯಬೇಕು ಎನ್ನುವುದಕ್ಕೆ ಒಂದು, ನಿಮಿಷಕ್ಕೆ ಎಷ್ಟು ಅಡಿಯಂತೆ ಇಳಿಯಬೇಕು ಎನ್ನುವುದಕ್ಕೆ ಇನ್ನೊಂದು. ನಿಮಿಷಕ್ಕೆ 700 ಅಡಿ ಎಂದು ತಿರುವಬೇಕಾದವರು ಎತ್ತರದ ಗುಂಡಿಯನ್ನು 700ಕ್ಕೆ ತಿರುವಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿತು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ. ಅಂದರೆ ಆ ವಿಮಾನಕ್ಕೆ ನೆಲದೊಳಗೆ ಇಳಿ ಎಂದು ಹೇಳಿದಂತಾಯಿತು. ಅದು ಹೇಳಿದಂತೆ ಕೇಳಿತು. ಇಳಿಜಾರಿನಲ್ಲಿ ಎತ್ತು ಎಳೆಯದೆಯೇ ಬಂಡಿ ಉರುಳುವ ಹಾಗೆ, ಎಂಜಿನ್ನುಗಳು ಬಲ ಹಾಕದೆ ವಿಮಾನ ಇಳಿಯುತ್ತ ಹೋಯಿತು. ವೇಗ ಕುಗ್ಗಿದ್ದು ಪೈಲಟ್‌ಗಳ ಗಮನಕ್ಕೆ ಬಂದದ್ದು ಕೊನೆಗಳಿಗೆಯಲ್ಲಿ. ಪೂರ್ತಿ ಬಲ ಕೊಟ್ಟರೂ ಸುಮ್ಮನಿದ್ದ ಎಂಜಿನ್ನು ಮೇಲೇಳಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅವರ ಬಳಿ ಇರಲಿಲ್ಲ.

ಯಂತ್ರವೋ ಮನುಷ್ಯನೋ ಎಂದು ಪತ್ರಿಕೆ ಕೇಳುತ್ತದೆ. ನಿಜವಾದ ಪ್ರಶ್ನೆ ಇರುವುದು ಅವೆರಡರ ನಡುವೆ: ಮನುಷ್ಯ ಸುಲಭವಾಗಿ ತಪ್ಪುವಂತೆ ಯಂತ್ರವನ್ನು ಮಾಡಿದ್ದಾರೆಯೇ? 1992ರ ಜನವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ-320 ಗುಡ್ಡಕ್ಕೆ ಬಡಿದು 87 ಜನ ಸತ್ತರು. ಅಲ್ಲಿಯೂ ಇಳಿಯುವ ಕೋನದ ಅಂಕಿಯನ್ನು ಇಳಿಯುವ ವೇಗದ ಅಂಕಿಯೆಂದು ಯಂತ್ರ ತೆಗೆದುಕೊಂಡಿರಬೇಕೆಂದು ತನಿಖೆ ಹೇಳಿತು. ಆಮೇಲೆ ಆ ಅಂಕಿ ತೋರಿಸುವ ರೀತಿಯನ್ನೇ ಬದಲಾಯಿಸಿದರು. ‘ಕಂಪ್ಯೂಟರ್ ಕೆಟ್ಟಿತು’ ಎಂದು ಸುಮ್ಮನಾಗಿದ್ದರೆ ಈ ಬದಲಾವಣೆ ಆಗುತ್ತಿರಲಿಲ್ಲ. ರೋಗ ತಪ್ಪಾಗಿ ಗೊತ್ತುಮಾಡಿದರೆ ಔಷಧವೂ ತಪ್ಪುತ್ತದೆ.

2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ಕಣಿವೆಗೆ ಬಿದ್ದು 158 ಜನ ಸತ್ತರು, 8 ಜನ ಉಳಿದರು. ಆಗ ಎಲ್ಲರ ಬಾಯಲ್ಲೂ ‘ರನ್‌ವೇ ಗಿಡ್ಡದು’. ಗುಡ್ಡದ ಮೇಲಿನ ನಿಲ್ದಾಣವಾದ್ದರಿಂದ ತಪ್ಪಿದರೆ ಉಳಿಗಾಲವಿಲ್ಲ ಎಂಬುದು ನಿಜ. ಆದರೆ 2,450 ಮೀಟರ್ ಉದ್ದದ ಆ ಹಾದಿ ಅಂಥ ವಿಮಾನಕ್ಕೆ ಸಾಕಾಗುತ್ತಿತ್ತು. ವಿಮಾನ ನೆಲ ಮುಟ್ಟಿದ್ದೇ ಸುಮಾರು 1,600 ಮೀಟರ್ ದಾಟಿದ ಮೇಲೆ. ಕ್ಯಾಪ್ಟನ್ ಹಾದಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಜೊತೆಯ ಪೈಲಟ್ ಮೂರು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿತ್ತು. ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ಹಿರಿಯರ ಮುಂದೆ ಕಿರಿಯರ ಸರಿಯಾದ ಮಾತು ಕೇಳಿಸದೆ ಹೋಗುವುದನ್ನು ನಾವು ಹೆಣ್ಣುಮಕ್ಕಳು ಬಲ್ಲೆವಲ್ಲ! ‘ಗಿಡ್ಡ ರನ್‌ವೇ’ ಎಂಬ ಎರಡು ಪದಗಳಲ್ಲಿ ಈ ಪಾಠ ಮುಚ್ಚಿಹೋಗುತ್ತಿತ್ತು.

2025ರ ಜೂನ್ 12ರ ಅಹಮದಾಬಾದಿನ ದುರಂತದಲ್ಲೂ ಹೀಗೇ ಆಯಿತು. ಹಕ್ಕಿ ಬಡಿಯಿತು, ರೆಕ್ಕೆಯ ಫ್ಲ್ಯಾಪ್ ಹಾಕಿರಲಿಲ್ಲ ಎಂದು ಟಿ.ವಿ.ಯವರು ಅಂದೇ ಚರ್ಚೆಗಿಳಿದರು. ತಿಂಗಳ ನಂತರದ ಪ್ರಾಥಮಿಕ ವರದಿ ಆ ಎರಡನ್ನೂ ಬೆಂಬಲಿಸಲಿಲ್ಲ. ಎರಡೂ ಎಂಜಿನ್ನುಗಳ ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು ಬಂದ್ ಸ್ಥಾನಕ್ಕೆ ಹೋದವೆಂದು ಹೇಳಿತು, ಹೇಗೆ ಎಂದು ಹೇಳಲಿಲ್ಲ. ಅಷ್ಟಕ್ಕೇ ಸತ್ತ ಪೈಲಟ್‌ಗಳ ಮೇಲೆ ತೀರ್ಪು ಶುರುವಾಯಿತು. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು. ಅವರ ಮನೆಯವರು ಮಾತ್ರ ಬೆಳಗಾದರೆ ಆ ಪೇಪರನ್ನು ಓದಬೇಕು.

ವರದಿಗಾರರಿಗೆ ವಿಮಾನದ ಎಂಜಿನಿಯರಿಂಗ್ ಬರಬೇಕೆಂದು ನಾನು ಹೇಳುವುದಿಲ್ಲ. ರಾತ್ರಿಯೊಳಗೆ ಪುಟ ತುಂಬಿಸುವ ಅವಸರ ಅವರದು. ಓದುವ ನಮಗೆ ಅಂಥ ಅವಸರವಿಲ್ಲ. ಮೊದಲ ದಿನ ಎಲ್ಲಿ, ಯಾವಾಗ, ಎಷ್ಟು ಜನ ಎಂಬುದನ್ನು ಓದೋಣ. ‘ಯಾಕೆ’ ಎಂಬುದರ ಉತ್ತರ ಎಷ್ಟೋ ತಿಂಗಳ ಮೇಲೆ, ಒಳಪುಟದ ಮೂಲೆಯಲ್ಲಿ ಬರುತ್ತದೆ. ಅದನ್ನು ಹುಡುಕಿ ಓದೋಣ. ಅಲ್ಲಿಯವರೆಗೆ ಯಾರಿಗಾದರೂ ಹೇಳುವುದಿದ್ದರೆ, ಕೊನೆಗೊಂದು ‘ಅಂತ’ ಸೇರಿಸಿಯೇ ಹೇಳೋಣ.