ಹಕ್ಕಿಯ ಮೇಲೆ ಹೊರಿಸಿದ ಅಪವಾದ

ಗುಡವಿಯೆಂದರೆ ಎಲ್ಲರಿಗೂ ಹಕ್ಕಿಗಳ ನೆನಪು. ಮಳೆಗಾಲದಲ್ಲಿ ಅಲ್ಲಿಯ ಕೆರೆಯ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅದೇ ಸೊರಬ ತಾಲ್ಲೂಕಿನ ಇನ್ನೊಂದು ಹೆಸರು ವೈದ್ಯಗ್ರಂಥಗಳ ಮೂಲಕ ಲೋಕವನ್ನೆಲ್ಲ ಸುತ್ತಿದೆ: ಕ್ಯಾಸನೂರು. ಆ ಹೆಸರಿಗೂ ಹಕ್ಕಿಗೂ ಒಮ್ಮೆ ಗಂಟುಹಾಕಿದ ಕಥೆಯನ್ನು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಕೆಲವರಿಗೆ ರಕ್ತಸ್ರಾವವೂ ಆಯಿತು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಅದು ಭಾರತಕ್ಕೂ ಬಂದಿತೇ ಎಂಬ ದಿಗಿಲಿನಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿದರು. ಸಿಕ್ಕಿದ ವೈರಸ್ಸು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದ ದಾಯಾದಿ! ಅಷ್ಟು ದೂರದಿಂದ ಇದನ್ನು ಮಲೆನಾಡಿಗೆ ತಂದವರಾರು? ಸಂಶಯ ಬಿದ್ದದ್ದು ವಲಸೆಹಕ್ಕಿಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಹೂಡಿದರು. ಅಪವಾದ ರುಜುವಾತಾಗಲಿಲ್ಲ, ಹಕ್ಕಿಗಳ ಹಾದಿಯ ಅರಿವು ಮಾತ್ರ ಬೆಳೆಯಿತು.

ಅಪಾಯವಿದ್ದದ್ದು ಕಾಲಬುಡದಲ್ಲಿ. ಬಲಿತ ಉಣುಗು ದನದ ರಕ್ತ ಕುಡಿದು, ಉದುರಿ, ತರಗೆಲೆಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಇಲಿ, ಮಂಗಗಳ ಮೈಹತ್ತಿ ವೈರಸ್ಸನ್ನು ಪಡೆಯುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ಎಳೆಯ ಉಣುಗುಗಳು ಡಿಸೆಂಬರಿನಿಂದ ಮೇ ತನಕ ಮನುಷ್ಯನನ್ನು ಕಚ್ಚುತ್ತವೆ. ಬಡವರು ಸೌದೆಗೂ ತರಗಿಗೂ ಕಾಡಿಗೆ ಹೋಗುವ ಕಾಲವೂ ಅದೇ.

1990ರಿಂದ ಕೊಡುತ್ತಿದ್ದ ಲಸಿಕೆಯನ್ನು, ಗುಣ ಸಾಲದೆಂದು, 2022ರಲ್ಲಿ ನಿಲ್ಲಿಸಲಾಯಿತು. ಈ ರೋಗಕ್ಕೇ ಎಂದು ಗೊತ್ತಾದ ಮದ್ದಿಲ್ಲ. ಆದುದರಿಂದ ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ತೊಟ್ಟು, ಉಣುಗು ಹತ್ತದ ಎಣ್ಣೆ ಹಚ್ಚಿಕೊಳ್ಳಬೇಕು. ಬಂದೊಡನೆ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗಿಗೆ ಬೀಡಿಯ ಕೆಂಡ ಮುಟ್ಟಿಸುವುದು, ಸೀಮೆಎಣ್ಣೆ ಸುರಿಯುವುದು ತಪ್ಪು; ಕೆರಳಿದ ಉಣುಗು ತನ್ನ ಜೊಲ್ಲನ್ನು ಗಾಯಕ್ಕೇ ಬಿಟ್ಟೀತು. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಅದರ ತಲೆಯ ಬಳಿ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಬೇಕು. ಬೆರಳಲ್ಲಿ ಹಿಸುಕಬಾರದು. ಬಳಿಕ ಸೋಪು ಹಚ್ಚಿ ತೊಳೆಯಬೇಕು. ಕೆಲವು ದಿನಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದೆನೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಆಕಾಶ ನೋಡಿ ಹುಡುಕಿದ ಶತ್ರು ನೆಲದ ತರಗಿನಲ್ಲಿದ್ದಾನೆ. ಅವನನ್ನು ಕಾಣಲು ದೂರದರ್ಶಕ ಬೇಡ, ಸಂಜೆ ಮನೆಯ ಬೆಳಕಿನಲ್ಲಿ ಐದು ನಿಮಿಷದ ತಾಳ್ಮೆ ಸಾಕು.