ಬೋರಿಯ ಬೂದಿಪದರ: ನಿಕ್ಷೇಪಕ್ರಮವೂ ಕಾಲನಿರ್ಣಯವೂ

ಪುಣೆ ಜಿಲ್ಲೆಯ ಕುಕಡಿ ನದಿಯ ದಂಡೆಯಲ್ಲಿರುವ ಬೋರಿ ಗ್ರಾಮದ ಮೆಕ್ಕಲುಮಣ್ಣಿನಲ್ಲಿ ಜ್ವಾಲಾಮುಖಿಯ ಬೂದಿಯ ಪದರವಿರುವುದೂ, ಅದರೊಡನೆ ಸೇರಿದ ಜಲ್ಲಿಯಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ದೊರೆತಿರುವುದೂ ವಿದ್ವಾಂಸರು ಬಲ್ಲ ಸಂಗತಿ. ರವಿ ಕೋರಿಶೆಟ್ಟರ ಮತ್ತು ಸಂಗಡಿಗರು 1989ರಲ್ಲಿ ಪೊಟ್ಯಾಸಿಯಂ–ಆರ್ಗಾನ್ ವಿಧಾನದಿಂದ ಈ ಬೂದಿಗೆ 14 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳಿದರು. 1995ರಲ್ಲಿ ಡೆಕ್ಕನ್ ಕಾಲೇಜಿನ ಶೀಲಾ ಮಿಶ್ರಾ ಮೊದಲಾದವರು ಅದನ್ನು 6.7 ಲಕ್ಷಕ್ಕಿಳಿಸಿದರು. 1998ರಲ್ಲಿ ವೆಸ್ಟ್‌ಗೇಟ್ ಮೊದಲಾದವರು (ಕೋರಿಶೆಟ್ಟರರೂ ಅವರಲ್ಲೊಬ್ಬರು) ಗಾಜುಕಣಗಳ ರಾಸಾಯನಿಕ ಸಾದೃಶ್ಯದಿಂದ ಅದು ಸುಮಾತ್ರಾದ ಟೋಬಾ ಪರ್ವತದ ಸುಮಾರು 75,000 ವರ್ಷ ಹಿಂದಿನ ಸ್ಫೋಟದ್ದೆಂದು ಸಾಧಿಸಿದರು.

ಈ ಚರ್ಚೆಯಲ್ಲಿ ಬೂದಿಯ ವಯಸ್ಸೇ ಕೊಡಲಿಯ ವಯಸ್ಸನ್ನು ನಿರ್ಣಯಿಸುವುದೆಂಬ ಗೃಹೀತವೊಂದು ಬಹುಮಟ್ಟಿಗೆ ಅಡಗಿದೆ. ಅದನ್ನು ನಾನು ಒಪ್ಪಲಾರೆ. ಬಂಗಾಳಕೊಲ್ಲಿಯ ಆಳವಾದ ತಳದಲ್ಲಿ, ಇದೇ ಟೋಬಾದ ಬೂದಿಯು ನಿಶ್ಚಲಪ್ರಾಯವಾದ ಜಲದಲ್ಲಿಳಿದು, ಅದರ ಮೇಲೆ ಜೇಡಿಯೂ ಸೂಕ್ಷ್ಮಜೀವಿಗಳ ಚಿಪ್ಪುಗಳೂ ಕವಿದುದರಿಂದ, ತಳವಾಸಿ ಹುಳುಗಳು ಕದಡಿದಷ್ಟನ್ನು ಬಿಟ್ಟರೆ, ಕೆಳಗಿನದು ಪೂರ್ವದ್ದು, ಮೇಲಿನದು ಅನಂತರದ್ದು ಎಂಬ ಕ್ರಮವು ನಿಲ್ಲುತ್ತದೆ. ನದೀಕಣಿವೆಯ ರೀತಿಯೇ ಬೇರೆ. ಇಳಿಜಾರುಗಳ ಮೇಲೆ ಬಿದ್ದ ಬೂದಿಯನ್ನು ಮಳೆನೀರು ತೊಳೆದು ತಗ್ಗುಗಳಲ್ಲಿ ಕೂಡಿಸುತ್ತದೆ. ಪ್ರವಾಹವು ಹಳೆಯ ದಂಡೆಯನ್ನು ಕೊರೆದು, ಅಲ್ಲಿನ ಕೊಡಲಿಗಳನ್ನು ಹೊಸ ಜಲ್ಲಿಗೆ ಸೇರಿಸುತ್ತದೆ. ಆದಕಾರಣ ಬೂದಿ ಬೆರೆತ ಪದರವು ಸ್ಫೋಟಕ್ಕಿಂತ ಪೂರ್ವದ್ದಾಗಲಾರದು. ಆದರೆ ಅದರೊಳಗಿನ ಕೊಡಲಿಯು ಎಷ್ಟಾದರೂ ಪೂರ್ವದ್ದಿರಬಹುದು.

ಹಿಂದಿನ ಅಧಿಕ ವಯಸ್ಸುಗಳಿಗೂ ಈ ಮಿಶ್ರಣವೇ ಕಾರಣವಿರಬಹುದೆಂದು ನನ್ನ ಊಹೆ. ಸುತ್ತಲಿನ ಕಪ್ಪುಶಿಲೆಯು (ಬಸಾಲ್ಟ್) ಸುಮಾರು 6.5 ಕೋಟಿ ವರ್ಷಗಳಷ್ಟು ಹಳೆಯದು. ಪೊಟ್ಯಾಸಿಯಂ ಅಂಶವು ಸಮವಾಗಿದ್ದಲ್ಲಿ, ಅದರ ಪುಡಿಯು ನೂರಕ್ಕೊಂದು ಪಾಲು ಸೇರಿದರೂ ತೋರಿಕೆಯ ವಯಸ್ಸು ಸುಮಾರು 6.5 ಲಕ್ಷ ವರ್ಷಗಳಷ್ಟು ಹೆಚ್ಚುತ್ತದೆ. ಆದರೆ ಕಪ್ಪುಶಿಲೆಯಲ್ಲಿ ಪೊಟ್ಯಾಸಿಯಂ ಟೋಬಾದ ಬೂದಿಗಿಂತ ಬಹಳ ಕಡಮೆಯಾದುದರಿಂದ, ಅದೇ ಫಲಕ್ಕೆ ಹಲವು ಪಟ್ಟು ಹೆಚ್ಚಿನ ಬೆರಕೆ ಬೇಕಾಗುತ್ತದೆ. ಅಷ್ಟು ಬೆರಕೆಯು ಶೋಧಿಸಿದ ಮಾದರಿಯಲ್ಲಿ ಉಳಿದಿತ್ತೆಂದು ತೋರಿಸಿದ ಹೊರತು ಈ ಊಹೆಯು ಸಿದ್ಧಾಂತವಾಗದು. ರಾಸಾಯನಿಕ ಸಾದೃಶ್ಯವೂ ಅದೇ ಪರ್ವತದ ಬೇರೆ ಸ್ಫೋಟಗಳನ್ನು ಪ್ರತ್ಯೇಕಿಸುವಷ್ಟು ಸೂಕ್ಷ್ಮವಾಗಿದ್ದರೆ ಮಾತ್ರ ಪ್ರಮಾಣವೆನಿಸುತ್ತದೆ.

ಕೊಡಲಿಗಳ ಅಂಚು ಹರಿತವಾಗಿದೆಯೋ ಉರುಳಿ ಸವೆದಿದೆಯೋ ಎಂಬುದನ್ನು ಪದರ ಪದರವಾಗಿ ಗುರುತಿಸುವುದೂ, ಬೂದಿಯನ್ನು ಅವಲಂಬಿಸದೆ ಜಲ್ಲಿಯ ಕಾಲವನ್ನೇ ಅಳೆಯುವುದೂ ಇನ್ನು ಆಗಬೇಕಾದ ಕಾರ್ಯಗಳು. ಅಲ್ಲಿಯವರೆಗೆ 75,000 ವರ್ಷಗಳೆಂಬುದು ಬೂದಿಯ ವಯಸ್ಸೇ ಹೊರತು ಬೋರಿಯ ಮಾನವನ ವಯಸ್ಸಲ್ಲ.