ಬಾಲವಾಡಿಗೆ ಎಷ್ಟು ದೂರ?

1945ರಲ್ಲಿ ತಾರಾಬಾಯಿ ಮೋಡಕ್ ಅರಬ್ಬೀ ಸಮುದ್ರದ ದಂಡೆಯ ಬೋರ್ಡಿ ಎಂಬ ಊರಿಗೆ ಬಂದು ಬಾಲವಾಡಿ ತೆರೆದಾಗ ಅವರಿಗೆ ಐವತ್ತು ದಾಟಿತ್ತು. ಭಾವನಗರದಲ್ಲಿ ಶಿಶುಶಿಕ್ಷಣ ತಜ್ಞ ಗಿಜುಭಾಯಿ ಬಧೇಕಾ ಅವರ ಜತೆ ದುಡಿದು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿ, ಮಾಂಟೆಸ್ಸರಿ ಪದ್ಧತಿಯನ್ನು ಅರೆದು ಕುಡಿದಿದ್ದವರು ಅವರು. ಪಟ್ಟಣದ ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಬೋರ್ಡಿಯಲ್ಲಿ ಎದುರಾದದ್ದು ಬೇರೆಯದೇ ತೊಡಕು. ಊರೊಳಗೆ ಬಾಲವಾಡಿ ಇತ್ತು, ಊರಿನ ಮಕ್ಕಳು ಬಂದರು. ಊರಾಚೆಯ ದಲಿತ ಕೇರಿಯ, ವಾರಲಿ ಆದಿವಾಸಿ ಹಾಡಿಗಳ ಮಕ್ಕಳು ಬರಲಿಲ್ಲ.

ಕೇರಿಗೂ ಊರಿಗೂ ನಡುವಿನ ದೂರವನ್ನು ಗಜಗಳಲ್ಲಿ ಅಳೆದರೆ ಏನೂ ತಿಳಿಯದು. ಹಾಡಿಯ ತಾಯಂದಿರು ಬೆಳಕು ಹರಿಯುವ ಮುಂಚೆ ಕೂಲಿಗೆ ಹೋಗುವವರು. ಮಗುವಿನ ಕೈ ಹಿಡಿದು ಊರೊಳಗೆ ಬಿಟ್ಟು ಬರಲು ಮನೆಯಲ್ಲಿ ಆಳಿರಲಿಲ್ಲ. ಇದ್ದರೂ, ಊರ ಓಣಿಗಳಲ್ಲಿ ಆ ಮಗು ಹೇಗೆ ನಡೆಯಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನೆಲ್ಲ ಜಾತಿ ಮೊದಲೇ ಗೊತ್ತು ಮಾಡಿಟ್ಟಿತ್ತು. ತಾರಾಬಾಯಿ ಕೆಲವು ಕಾಲ ಕಾದರು. ಆಮೇಲೆ ಶಾಲೆಯನ್ನೇ ಎತ್ತಿಕೊಂಡು ಹೊರಟರು.

ಹಾಗೆ ಹೊರಟ ಬಾಲವಾಡಿ ಕೇರಿಯ ಅಂಗಳದಲ್ಲಿ ಕೂತಿತು. ಕೆಲಸ ಶುರುವಾಗುತ್ತಿದ್ದದ್ದು ಪಾಠದಿಂದಲ್ಲ: ಮಕ್ಕಳ ಮುಖ ತೊಳೆಸುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು, ಅಂಗಳ ಗುಡಿಸಿ ನೀರು ಚಿಮುಕಿಸುವುದು. ಮಾಂಟೆಸ್ಸರಿಯ ದುಬಾರಿ ಸಾಮಾನುಗಳ ಬದಲು ಬೀಜ, ಚಿಪ್ಪು, ಕಲ್ಲು, ಎಲೆ. ಎಣಿಕೆ, ಜೋಡಣೆ, ಬಣ್ಣ, ಗಾತ್ರ ಎಲ್ಲವನ್ನೂ ಇವುಗಳಿಂದಲೇ ಕಲಿಸಬಹುದೆಂದು ತಾರಾಬಾಯಿಯೂ ಅವರ ಜತೆಗಾರ್ತಿ ಅನುತಾಯಿ ವಾಘ್ ಅವರೂ ಮಾಡಿ ತೋರಿಸಿದರು. ಊರ ನಡುವಿನದು ಕೇಂದ್ರ ಬಾಲವಾಡಿ, ಕೇರಿಯದು ಅಂಗಣ ಬಾಲವಾಡಿ. ಇಂದು ಕರ್ನಾಟಕದ ಯಾವ ಓಣಿಯಲ್ಲಿ ಕೇಳಿದರೂ ದಾರಿ ತೋರಿಸುವ ಅಂಗನವಾಡಿಯ ಅಜ್ಜಿ ಅದೇ.

1957ರಲ್ಲಿ ಈ ಇಬ್ಬರೂ ತಮ್ಮ ಕೆಲಸವನ್ನು ಬೋರ್ಡಿಯಿಂದ ಕೋಸ್ಬಾಡ್ ಗುಡ್ಡಕ್ಕೆ ಒಯ್ದರು. ಅಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎಂಟು ಹತ್ತು ವರ್ಷದ ಹುಡುಗಿಯರು ಶಾಲೆಗೆ ಬಾರದಿರಲು ಕಾರಣ ಅವರ ಸೊಂಟದ ಮೇಲಿದ್ದ ತಮ್ಮನೋ ತಂಗಿಯೋ. ಹುಡುಗರು ಬಾರದಿರಲು ಕಾರಣ ದನ. ದನ ಕಾಯುವವರಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಹುಡುಗಿಯರಿಗಾಗಿ ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಇಟ್ಟರು. ಅಕ್ಕ ಕೂಸನ್ನು ಎತ್ತಿಕೊಂಡೇ ಬರಬಹುದು, ಒಂದು ಕೋಣೆಯಲ್ಲಿ ಇಳಿಸಿ ಪಕ್ಕದ ಕೋಣೆಗೆ ಹೋಗಬಹುದು. ಇದರ ಹೆಸರು ವಿಕಾಸವಾಡಿ. ಶಿಶುಶಿಕ್ಷಣದ ಚರಿತ್ರೆ ಬರೆಯುವವರು ತಾರಾಬಾಯಿಯ ಬೋಧನಾ ವಿಧಾನವನ್ನು ಹೊಗಳಿ ಮುಂದೆ ಹೋಗುತ್ತಾರೆ. ಅವರ ನಿಜವಾದ ಶೋಧ ಇದ್ದದ್ದು ನಡಿಗೆಯ ಲೆಕ್ಕದಲ್ಲಿ ಎನ್ನಬೇಕು.

ಆ ಲೆಕ್ಕ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಮೂರು ವರ್ಷದ ಮಗು ಹೋಗುವಾಗ ಓಡುತ್ತದೆ, ಬರುವಾಗ ಎತ್ತಿಕೋ ಎನ್ನುತ್ತದೆ. ದಾರಿಯಲ್ಲಿ ಕಂಡ ನಾಯಿಮರಿಯನ್ನೂ ಕೊಚ್ಚೆಗುಂಡಿಯನ್ನೂ ಮಾತಾಡಿಸದೆ ಮುಂದಕ್ಕೆ ಕಾಲಿಡುವುದಿಲ್ಲ. ಒಯ್ದು ಬಿಡುವವರಂತೂ ಎರಡು ಸಲ ಹೋಗಬೇಕು, ಎರಡು ಸಲ ಬರಬೇಕು. ಬಾಲವಾಡಿ ಒಂದು ಕಿಲೋಮೀಟರ್ ಆಚೆ ಇದ್ದರೆ ಮಗುವಿಗೆ ದಿನಕ್ಕೆ ಎರಡು ಕಿಲೋಮೀಟರ್, ತಾಯಿಗೆ ನಾಲ್ಕು. ಮಧ್ಯಾಹ್ನದ ಆ ಎರಡನೆಯ ಓಡಾಟ ಅರ್ಧ ದಿನದ ಕೂಲಿಯನ್ನೇ ನುಂಗಬಲ್ಲದು.

ಹಳೆಯ ಕೂಲಿಮಠಗಳಿಗೆ ಈ ತಲೆನೋವು ಇರಲಿಲ್ಲ. ಐಗಳ ಮನೆಯ ಜಗಲಿ, ಗುಡಿಯ ಪೌಳಿ, ಮರಳ ಮೇಲೆ ಅಕ್ಷರ. ಬರುವವರು ಅದೇ ಕೇರಿಯವರು, ಐದು ದಾಟಿದ ಗಂಡುಮಕ್ಕಳು. ಪಟ್ಟಣಗಳ ಶಿಶುವಿಹಾರಗಳೂ ಬಡಾವಣೆಯ ಮಕ್ಕಳನ್ನು ನೆಚ್ಚಿಯೇ ಹುಟ್ಟಿದವು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. 1892ರಲ್ಲಿ ನೂಲು ಹಿಡಿದಂತೆ ಮುಖ್ಯರಸ್ತೆ, ಅಡ್ಡರಸ್ತೆ ಎಳೆದು ಮಾಡಿದ ಬಡಾವಣೆ ಅದು. ವಾಹನ ಕಡಿಮೆ, ಬೀದಿ ಅಗಲ. ಮಕ್ಕಳು ಗುಂಪುಕಟ್ಟಿಕೊಂಡು ನಡೆದು ಹೋಗಬಹುದಾದ ಊರು.

ದುಡಿಯುವ ತಾಯಂದಿರ ಕಥೆ ಬೇರೆ ದಾರಿ ಹಿಡಿಯಿತು. ಸ್ವಾತಂತ್ರ್ಯದ ಹೊತ್ತಿನ ಕಾನೂನುಗಳು ಮಗುವನ್ನು ಮನೆಯ ಹತ್ತಿರ ಇಡುವ ಬದಲು ಕೆಲಸದ ಹತ್ತಿರ ಇಡಲು ನೋಡಿದವು. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಐವತ್ತರದೇ ಮಿತಿ. ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ತೋಟಗಳಿಗೆ ಈ ವ್ಯವಸ್ಥೆ ಒಪ್ಪುವಂಥದ್ದೇ. ಕಾರ್ಮಿಕರ ಲೈನ್ ಮನೆಗಳು ತೋಟದೊಳಗೇ ಇರುತ್ತವೆ, ಕೆಲಸವೂ ಅಲ್ಲೇ. ಮಗುವನ್ನು ದಾರಿಯಲ್ಲೇ ಇಳಿಸಿ ಹೋಗಬಹುದು, ನಡುವೆ ಬಂದು ಹಾಲೂಡಿಸಬಹುದು. ಹೆಂಗಸರು ಕಡಿಮೆ ಇರುವ ಸಣ್ಣ ತೋಟಗಳು ಮಾತ್ರ ಕಾನೂನಿನ ಬಲೆಯೊಳಗೆ ಬರಲೇ ಇಲ್ಲ.

ಕಾರ್ಖಾನೆಗಳ ಕಾನೂನು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಂದಾಗ ಕಾಲು ಮುರಿದುಕೊಂಡಿತು. ಪೀಣ್ಯಕ್ಕೋ ಹೊಸೂರು ರಸ್ತೆಗೋ ತುಂಬಿದ ಬಸ್ಸಿನಲ್ಲಿ, ಟೆಂಪೊದಲ್ಲಿ ನಿಂತು ಬರುವ ಹೆಣ್ಣುಮಗಳು ಎಂಟು ತಿಂಗಳ ಕೂಸನ್ನು ತರುವುದು ಹೇಗೆ? ಕಾರ್ಖಾನೆಯೊಳಗೆ ತೊಟ್ಟಿಲು ತೂಗಿದ್ದರೂ ಅಲ್ಲಿಗೆ ಮುಟ್ಟಿಸುವ ಹಾದಿಯೇ ದೊಡ್ಡ ಅಡ್ಡಿ. ಎಷ್ಟೋ ಕೂಸುಗಳು ಊರಿನ ಅಜ್ಜಿಯ ಮಡಿಲಿಗೆ ಹೋದದ್ದು ಹೀಗೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ನೌಕರರಿರುವ ಸಂಸ್ಥೆಗಳಿಗೆಲ್ಲ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿ, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಅವಕಾಶ ಕೊಟ್ಟಿತು. ನಾಲ್ಕು ಸಲ ಎಂದು ಬರೆದ ಮೇಲೆ ದೂರದ ಮಾತೂ ಬರಲೇಬೇಕಲ್ಲ? ಗೊತ್ತುಪಡಿಸಿದ ಅಂತರದೊಳಗೆ ಶಿಶುಪಾಲನಾ ಕೇಂದ್ರ ಇರಬೇಕು ಎಂಬ ಮಾತು ಕಾಯ್ದೆಯಲ್ಲೇ ಸೇರಿತ್ತು.

ಕೆಲಸವೇ ಅಲೆಯುವಂಥದ್ದಾದರೆ? 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆಂದು ದೆಹಲಿಯ ರಾಜಘಾಟ್ ಬಳಿ ಪ್ರದರ್ಶನದ ಕಟ್ಟಡಗಳು ಏಳುತ್ತಿದ್ದವು. ಕಟ್ಟಡದ ಮಣ್ಣು ದೂಳಿನ ನಡುವೆ ಕೂಲಿ ಹೆಂಗಸರ ಕೂಸುಗಳು ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಆ ಡೇರೆಯಲ್ಲಿ. ಕಟ್ಟಡ ಮುಗಿದು ಗುಂಪು ಬೇರೆಡೆಗೆ ಹೋದಾಗ ಶಿಶುಕೇಂದ್ರವೂ ಗಂಟುಮೂಟೆ ಕಟ್ಟುವುದು ಅದರ ಪದ್ಧತಿ. ಕೋಸ್ಬಾಡ್ ಗುಡ್ಡದ ಹುಲ್ಲುಗಾವಲಿನ ಶಾಲೆಗೂ ಇದಕ್ಕೂ ರಕ್ತಸಂಬಂಧವಿದೆ.

ಇಷ್ಟೆಲ್ಲ ಅನುಭವ ಬೆನ್ನಿಗಿದ್ದಾಗ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ 100 ಅಂಗನವಾಡಿಗಳು ತೆರೆದವು. ಕಾವೇರಿ, ಕಪಿಲೆ ಕೂಡುವ ಈ ಸೀಮೆಯಲ್ಲಿ ಊರುಗಳೆಂದರೆ ಗದ್ದೆ ಬಯಲಿನ ನಡುವೆ ಒತ್ತಾಗಿ ಕೂತ ಮನೆಗಳು. ಒಂದು ಮನೆಯ ಹಿತ್ತಿಲು ಇನ್ನೊಂದರ ಗೋಡೆ. ಎಲ್ಲಿ ಅಂಗನವಾಡಿ ಇಟ್ಟರೂ ಕೂಗಿದರೆ ಕೇಳುವಷ್ಟು ಹತ್ತಿರ. ಆಗ ಇಟ್ಟುಕೊಂಡ ಲೆಕ್ಕ ಸಾವಿರ ಜನಕ್ಕೆ ಒಂದು ಅಂಗನವಾಡಿ, ಆದಿವಾಸಿ ಪ್ರದೇಶದಲ್ಲಿ ಏಳುನೂರಕ್ಕೆ ಒಂದು. ನರಸೀಪುರದಂಥ ಬಯಲಿಗೆ ಈ ಲೆಕ್ಕ ಸರಿಹೋಯಿತು.

ಇನ್ನೊಂದು ಒಳ್ಳೆಯ ವಿವರವೂ ಯೋಜನೆಯಲ್ಲಿತ್ತು. ಅಡುಗೆ, ಕಸ, ನೀರಿನ ಜತೆಗೆ ಪುಟ್ಟ ಮಕ್ಕಳನ್ನು ಮನೆಗಳಿಂದ ಕರೆತರುವುದೂ ಅಂಗನವಾಡಿ ಸಹಾಯಕಿಯ ಕೆಲಸ ಎಂದು ಬರೆದಿಟ್ಟರು. ಬೆಳಿಗ್ಗೆ ಸಹಾಯಕಿ ಓಣಿ ಸುತ್ತುತ್ತಾಳೆ. ಒಂದನ್ನು ಸೊಂಟಕ್ಕೇರಿಸಿ, ಎರಡನ್ನು ಕೈಹಿಡಿದು, ಉಳಿದವನ್ನು ಮುಂದೆ ಬಿಟ್ಟುಕೊಂಡು ಬರುತ್ತಾಳೆ. ತಾಯಿಯ ನಾಲ್ಕು ಕಿಲೋಮೀಟರನ್ನು ಸರ್ಕಾರ ಕಡಿಮೆ ಗೌರವಧನ ಕೊಟ್ಟು ಇನ್ನೊಬ್ಬ ಹೆಂಗಸಿನ ಕಾಲಿಗೆ ಕಟ್ಟಿತು ಎಂದೂ ಇದನ್ನು ಓದಬಹುದು.

ಮಲೆನಾಡಿಗೆ ಬಂದಾಗ ಲೆಕ್ಕ ಕೈಕೊಟ್ಟಿತು. ತೀರ್ಥಹಳ್ಳಿ, ಶೃಂಗೇರಿ, ಜೋಯಿಡಾ ಕಡೆಗಳಲ್ಲಿ ಊರೆಂದರೆ ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಸಾವಿರ ಜನ ಸೇರಬೇಕಾದರೆ ಎಷ್ಟು ಹಳ್ಳ ದಾಟಬೇಕೋ! ಮಳೆಗಾಲದಲ್ಲಿ ಆ ಹಳ್ಳಗಳನ್ನು ದಾಟಿಸುವುದು ಅಡಿಕೆ ಮರವನ್ನೋ ಬೇರಾವುದೋ ದಿಮ್ಮಿಯನ್ನೋ ಹಾಸಿ ಮಾಡಿದ ಕಾಲುಸಂಕ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಹುಡುಗಿಯೊಬ್ಬಳು ಅಂಥ ಸಂಕದಿಂದ ಜಾರಿ ಹಳ್ಳದ ಪಾಲಾದಳು. ಏಳು ವರ್ಷದ ಮಗುವಿನ ಗತಿ ಇದಾದರೆ ಮೂರು ವರ್ಷದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರು ಕಳಿಸಿಯಾರು?

ತಲೆ ಎಣಿಸುವುದಕ್ಕೂ ಹೆಜ್ಜೆ ಎಣಿಸುವುದಕ್ಕೂ ಇರುವ ವ್ಯತ್ಯಾಸ ದೊಡ್ಡ ಮಕ್ಕಳ ವಿಷಯದಲ್ಲಿ ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಕೊಠಾರಿ ಆಯೋಗ 1966ರಷ್ಟು ಹಿಂದೆಯೇ ಪ್ರಾಥಮಿಕ ಶಾಲೆ ಮಗುವಿನ ಮನೆಯಿಂದ ಸುಮಾರು ಒಂದು ಮೈಲಿಯೊಳಗೆ ಇರಬೇಕೆಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರದ ನಿಯಮಗಳು ಐದನೆಯ ತರಗತಿವರೆಗೆ ಒಂದು ಕಿಲೋಮೀಟರ್, ಎಂಟನೆಯವರೆಗೆ ಮೂರು ಕಿಲೋಮೀಟರ್ ಎಂದು ಅಂತರವನ್ನು ಬರೆದವು. ಆರು ತುಂಬದ ಮಕ್ಕಳಿಗೆ ಮಾತ್ರ ಅದೇ ಕಾಯ್ದೆಯ 11ನೆಯ ಕಲಮು ಸರ್ಕಾರ ವ್ಯವಸ್ಥೆ ಮಾಡಬಹುದು ಎಂದು ಹೇಳಿ ಸುಮ್ಮನಾಯಿತು. ಹತ್ತು ವರ್ಷದವನ ಕಾಲಿಗೆ ಮಿತಿ ಹಾಕಿದ ಕಾಯ್ದೆ ಮೂರು ವರ್ಷದ್ದರ ಕಾಲನ್ನು ಮರೆತದ್ದು ವಿಚಿತ್ರವೇ.

ಈ ಕೊರತೆಯನ್ನು, ಆ ಕಾಯ್ದೆಗೂ ಮೊದಲೇ, ಒಂದಷ್ಟು ತುಂಬಿದ್ದು ನ್ಯಾಯಾಲಯ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಪ್ರತಿ ಜನವಸತಿಗೂ ಅಂಗನವಾಡಿ ಇರಬೇಕೆಂದಿತು. 2006ರ ಡಿಸೆಂಬರ್ 13ರ ಆದೇಶದಲ್ಲಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಯಾವ ಹಳ್ಳಿಯಾಗಲಿ ಕೊಳೆಗೇರಿಯಾಗಲಿ ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ವಿಧಿಸಿತು. ಲೆಕ್ಕವೂ ಬದಲಾಯಿತು: ನಾನೂರರಿಂದ ಎಂಟುನೂರು ಜನಕ್ಕೊಂದು ಕೇಂದ್ರ, ಅದಕ್ಕೂ ಕಡಿಮೆ ಇದ್ದಲ್ಲಿ ಮಿನಿ ಅಂಗನವಾಡಿ. ಕರ್ನಾಟಕದಲ್ಲಿ ಎರಡೂ ಸೇರಿ 65,000 ದಾಟಿದವು. ಆದರೂ ನೂರೈವತ್ತು ಜನರೂ ಇಲ್ಲದ ಕಾಡಂಚಿನ ಮಜರೆಗಳು ಈ ಲೆಕ್ಕದ ಹೊರಗೇ ಉಳಿದವು.

2017ರ ಅಕ್ಟೋಬರ್‌ನಲ್ಲಿ ರಾಜ್ಯವಿಡೀ ಜಾರಿಯಾದ ಮಾತೃಪೂರ್ಣ ಯೋಜನೆ ಅದೇ ಗಾಯವನ್ನು ಮತ್ತೊಮ್ಮೆ ಕೆರೆಯಿತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂಬುದು ಯೋಜನೆಯ ತಿರುಳು. ಊಟ ತಾಯಿಗೇ ಸೇರಲಿ, ಮನೆಯವರೆಲ್ಲ ಹಂಚಿಕೊಂಡು ಖಾಲಿಯಾಗದಿರಲಿ ಎಂಬ ಕಾಳಜಿ ಸರಿಯೇ. ತುಂಬು ಬಸುರಿ ಗುಡ್ಡ ಇಳಿದು ಹತ್ತಿ ಬರುವುದು ಹೇಗೆಂದು ಮಲೆನಾಡಿನವರು ಕೇಳಿದರು. ಬಾಣಂತನದ ಮೊದಲ ದಿನಗಳಲ್ಲಿ ಹೊಸ್ತಿಲು ದಾಟದ ಮನೆಗಳವರೂ ಕೇಳಿದರು.

ಇತ್ತ ಡಾಂಬರು ರಸ್ತೆ ಮುಟ್ಟಿದ ಊರುಗಳಲ್ಲಿ ಪ್ರಶ್ನೆಯೇ ತಲೆಕೆಳಗಾಗಿದೆ. ಅಂಗನವಾಡಿ ಓಣಿಯ ತುದಿಯಲ್ಲಿದೆ, ಮಗು ಹೋಗುವುದು ಮಾತ್ರ ಹೋಬಳಿ ಕೇಂದ್ರದ ಕಾನ್ವೆಂಟಿಗೆ. ಬೆಳಿಗ್ಗೆ ಹಳದಿ ವ್ಯಾನು ಬರುತ್ತದೆ, ಟೈ ಕಟ್ಟಿದ ಮೂರೂವರೆ ವರ್ಷದ ಮಗು ನಿದ್ದೆಗಣ್ಣಲ್ಲೇ ಹತ್ತುತ್ತದೆ. ಎಲ್‌ಕೆಜಿ ಎಂಬ ಮೂರಕ್ಷರಕ್ಕಾಗಿ ತಂದೆತಾಯಿ ಹಣ ಕೊಟ್ಟು ದೂರವನ್ನೇ ಕೊಳ್ಳುತ್ತಿದ್ದಾರೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಸರ್ಕಾರವೇ ಎಲ್‌ಕೆಜಿ, ಯುಕೆಜಿ ತೆರೆದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರಗಳ ಗತಿಯೇನು ಎಂಬುದು ಅವರ ಆತಂಕ, ಎಲ್‌ಕೆಜಿಯನ್ನು ಅಂಗನವಾಡಿಯಲ್ಲೇ ನಡೆಸಿ ಎಂಬುದು ಬೇಡಿಕೆ. ಆ ಬೇಡಿಕೆಯಲ್ಲಿ ಕಾರ್ಯಕರ್ತೆಯರ ಹೊಟ್ಟೆಪಾಡಿನಷ್ಟೇ ಮಗುವಿನ ಕಾಲಿನ ಮಾತೂ ಇದೆ. ದೊಡ್ಡ ಶಾಲೆ ಇರುವುದು ಕೆಲವೇ ಊರುಗಳಲ್ಲಿ, ಅಂಗನವಾಡಿ ಓಣಿಯಲ್ಲೇ ಇದೆ.

ತೀರಾ ಎಳೆಯ ಕೂಸುಗಳ ಕಡೆಗೆ ಸರ್ಕಾರ ನಿಜವಾಗಿ ತಿರುಗಿದ್ದು ತಡವಾಗಿ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದಿತ್ತು. ಕರ್ನಾಟಕದ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಣೆಯಾಯಿತು: ಮೂರು ವರ್ಷದೊಳಗಿನ ಕೂಲಿಕಾರರ ಮಕ್ಕಳಿಗೆ ಸೂರು, ಊಟ, ತರಬೇತಾದ ಪಾಲಕಿಯರು. ಮರದ ಕೊಂಬೆಗೆ ಕಟ್ಟಿದ ಸೀರೆ ಜೋಳಿಗೆಗಿಂತ ಇದು ಎಷ್ಟೋ ಮೇಲು. ಆದರೆ ಕೂಸಿನ ಮನೆ ಒಂದೇ ಕಡೆ ನಿಲ್ಲುವಂಥದ್ದು, ಪಂಚಾಯಿತಿಗೆ ಸೇರಿದ ಹಳ್ಳಿಗಳು ಹಲವು, ಕೆಲಸವೂ ಇವತ್ತು ಕೆರೆಯ ಹೂಳು, ಮುಂದಿನ ವಾರ ಆಚೆ ಹಳ್ಳಿಯ ಬದು. ಕೂಲಿ ಸಿಗುವುದು ತೋಡಿದ ಮಣ್ಣಿನ ಅಳತೆಯ ಮೇಲೆ. ಎಂಟು ತಿಂಗಳ ಕೂಸಿಗೆ ಹಾಲೂಡಿಸಲು ನಡುವೆ ಹೋಗಿ ಬರುವ ಹೊತ್ತು ಆ ಅಳತೆಯಿಂದ ಕಳೆದುಹೋಗುತ್ತದೆ. ಹಾಗಾಗಿ ಕೆಲಸದ ಜಾಗ ಬದಲಾದ ಪ್ರತಿ ಸಲವೂ ಆ ತಾಯಿ ಹೊಸದಾಗಿ ಲೆಕ್ಕ ಹಾಕಬೇಕು: ಕೂಸನ್ನು ಪಾಲಕಿಯ ಕೈಗೆ ಕೊಡುವುದೋ, ಜತೆಗೇ ಹೊತ್ತೊಯ್ಯುವುದೋ, ಆ ವಾರದ ಕೆಲಸವನ್ನೇ ಬಿಡುವುದೋ.